ಕಳ್ಳಿನ ಹುಳಿಯಿಂದ ಬ್ರೆಡ್ಡಿನ ಯಂತ್ರದವರೆಗೆ



ಹೂಡೆಯಿಂದ ಕೋಡಿಬೆಂಗ್ರೆಯವರೆಗಿನ ನೆಲವು ಒಂದು ಮಗ್ಗುಲಲ್ಲಿ ಅರಬ್ಬೀ ಸಮುದ್ರವನ್ನೂ ಇನ್ನೊಂದು ಮಗ್ಗುಲಲ್ಲಿ ಸ್ವರ್ಣಾ ನದಿಯನ್ನೂ ಇಟ್ಟುಕೊಂಡು ಮಲಗಿರುವ ಮರಳಿನ ಪಟ್ಟಿ. ಇಲ್ಲಿ ತೆಂಗು ಬೆಳೆಯುತ್ತದೆ, ತುಸು ಒಳಕ್ಕೆ ಸರಿದರೆ ಭತ್ತ ಬೆಳೆಯುತ್ತದೆ. ಗೋಧಿಯ ಒಂದು ತೆನೆಯೂ ಬೆಳೆಯದು. ಹೀಗಿದ್ದರೂ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದು ಮರಳಿದವರ ಕೆಲವು ಮನೆಗಳಲ್ಲಿ ಇಂದು ಗ್ರೈಂಡರಿನ ಪಕ್ಕದಲ್ಲಿ ಬ್ರೆಡ್ಡು ಮಾಡುವ ಯಂತ್ರವೊಂದು ಕುಳಿತಿರುತ್ತದೆ. "ಸರ್, ದುಬೈಯಲ್ಲಿ ಹತ್ತಿಯಂತೆ ಬರುತ್ತಿದ್ದ ಬ್ರೆಡ್ಡು ಇಲ್ಲಿ ನಡುವೆ ಕುಸಿದು ಹೊಂಡವಾಗುತ್ತದಲ್ಲ, ಏಕೆ?" ಎಂದು ಹಳೆಯ ವಿದ್ಯಾರ್ಥಿನಿಯರು ಒಂದೆರಡು ಬಾರಿ ಕೇಳಿದ್ದುಂಟು. ಇತಿಹಾಸ ಕಲಿಸಿದವನಲ್ಲಿ ಅಡುಗೆಯ ಪ್ರಶ್ನೆ ಕೇಳಿದರೆ ಉತ್ತರವೂ ಇತಿಹಾಸದಿಂದಲೇ ಆರಂಭವಾಗುತ್ತದೆ, ಸೈರಿಸಿಕೊಳ್ಳಬೇಕು.

ಉಬ್ಬಿದ ಗೋಧಿ ರೊಟ್ಟಿಯನ್ನು ನಮ್ಮ ಕರಾವಳಿಗೆ ಪರಿಚಯಿಸಿದವರು ಪೋರ್ಚುಗೀಸರು. 1510ರಲ್ಲಿ ಗೋವೆಯನ್ನು ಹಿಡಿದ ಅವರಿಗೆ ಊಟಕ್ಕೂ ಇಗರ್ಜಿಯ ಪೂಜೆಗೂ ಗೋಧಿ ಅನಿವಾರ್ಯವಾಗಿತ್ತು. ಆ ಗೋಧಿ ಉತ್ತರದ ಬಂದರುಗಳಿಂದ ಹಡಗಿನಲ್ಲಿ ಬರುತ್ತಿತ್ತು. ನಮ್ಮ ಬಸರೂರಿನಿಂದಲಾದರೋ ಅಕ್ಕಿ ಗೋವೆಗೆ ಹೋಗುತ್ತಿತ್ತು. ಈ ಅಕ್ಕಿಯ ಆಸೆಯೂ ಸೇರಿ 1569ರಲ್ಲಿ ಅವರು ಬಸರೂರಿನ ಕೋಟೆಯನ್ನೇ ವಶಪಡಿಸಿಕೊಂಡರೆಂಬುದನ್ನು ಎಂಟನೆಯ ತರಗತಿಯಲ್ಲಿ ಕುಳಿತವರು ಮರೆತಿರಲಾರರು. ಅವರ ಭಾಷೆಯ 'ಪಾಂವ್' ಎಂಬ ಶಬ್ದವೇ ನಮ್ಮ 'ಪಾವ್'. ಸೇರು-ಪಾವಿನ ಅಳತೆಗೂ ಇದಕ್ಕೂ ಸಂಬಂಧವಿಲ್ಲ. ಕಾಲು ಭಾಗವಾದುದರಿಂದ ಪಾವ್ ಎಂದಾಯಿತೆಂದು ಕೆಲವರು ಹೇಳುವುದು ಕೇಳಲು ಚೆಂದ, ಅಷ್ಟೇ.

ಹಿಟ್ಟನ್ನು ಉಬ್ಬಿಸುವ ಯೀಸ್ಟು ಗೋವೆಯಲ್ಲಿ ಸಿಗುತ್ತಿರಲಿಲ್ಲ. ಬೇಕರಿಯವರು ಕಂಡುಕೊಂಡ ಉಪಾಯ ತೆಂಗಿನ ಕಳ್ಳು. ಮರದಿಂದ ಇಳಿಸಿದ ಕೆಲವೇ ಗಂಟೆಗಳಲ್ಲಿ ನೊರೆಯೇಳುವ ಕಳ್ಳಿನಲ್ಲಿ ಸಹಜವಾಗಿಯೇ ಯೀಸ್ಟಿನ ಸೂಕ್ಷ್ಮಜೀವಿಗಳಿರುತ್ತವೆ. ಈ ಉಪಾಯ ನಮ್ಮ ನೆಲಕ್ಕೆ ಹೊಸದೇನಲ್ಲ. ಕಲ್ಯಾಣಪುರದ ಕ್ರೈಸ್ತ ಬಂಧುಗಳ ಮನೆಯಲ್ಲಿ ಹಬ್ಬಕ್ಕೆ ಮಾಡುವ ಸನ್ನವು ಹತ್ತಿಯಂತಿರುವುದು ಅದರಿಂದಲೇ. ಉದ್ದು-ಅಕ್ಕಿಯ ಹಿಟ್ಟನ್ನು ರಾತ್ರಿಯಿಡೀ ಹುಳಿಬರಿಸುವುದಂತೂ ಎಲ್ಲ ಮನೆಗಳ ವಿದ್ಯೆ. ಆದರೆ ಅಕ್ಕಿಯಲ್ಲಿ ಗ್ಲುಟೆನ್ ಎಂಬ ಜಿಗುಟಿಲ್ಲ. ಇಡ್ಲಿಯಲ್ಲಿ ಗಾಳಿಯನ್ನು ಹಿಡಿದಿಡುವುದು ಉದ್ದಿನ ಅಂಟು. ಅದನ್ನು ಪಾತ್ರೆಯಲ್ಲಿ ಬೇಯಿಸಬಹುದೇ ಹೊರತು ಕೈಯಲ್ಲಿ ಎಳೆದು ನಾದಲಾಗದು. ಹುದುಗಿನ ವಿದ್ಯೆಯಲ್ಲಿ ನಾವು ಹಿಂದಿರಲಿಲ್ಲ, ನಾದುವ ವಿದ್ಯೆಯಷ್ಟೇ ನಮಗೆ ಬೇಕಾಗಿರಲಿಲ್ಲ.

ಆದರೂ ಬ್ರೆಡ್ಡು ನಮ್ಮ ಮನೆಗಳನ್ನು ಸೇರಲು ನಾಲ್ಕು ಶತಮಾನ ತಡವಾದುದು ನಾದಲು ಬಾರದೆ ಅಲ್ಲ. ಗೋವೆಯ ಕಡೆ ಒಂದು ಹಳೆಯ ಹೇಳಿಕೆಯಿದೆ. ಪಾದ್ರಿಗಳು ಊರ ಬಾವಿಗೆ ಪಾವಿನ ತುಂಡು ಎಸೆದರಂತೆ, ತಿಳಿಯದೆ ಆ ನೀರು ಕುಡಿದ ಊರಿಗೂರೇ ಜಾತಿಯಿಂದ ಹೊರಗಾಯಿತಂತೆ. ಇದು ನಡೆಯಿತೆಂದು ನಾನು ಪಾಠ ಮಾಡಲಾರೆ. ಆದರೆ ಇಂಥ ಕಥೆಯೊಂದು ತಲೆಮಾರುಗಳ ಕಾಲ ಬಾಯಿಂದ ಬಾಯಿಗೆ ಬಂದಿತೆಂಬುದೇ ಒಂದು ಐತಿಹಾಸಿಕ ಸಂಗತಿ. ಒಂದು ರೊಟ್ಟಿಯ ತುಂಡು ಮನುಷ್ಯನನ್ನು ತನ್ನವರಿಂದ ಬೇರ್ಪಡಿಸಬಲ್ಲದು ಎಂದು ಜನ ನಂಬಿದ್ದರು. ಕಳ್ಳು ಬೆರೆತದ್ದು, ಪರರ ಕೈ ನಾದಿದ್ದು, ಮೊಟ್ಟೆ ತಾಗಿರಬಹುದಾದದ್ದು. ಮೂರು ದೋಷಗಳು ಒಂದೇ ತುಂಡಿನಲ್ಲಿ! ನನ್ನ ಅಜ್ಜಿ ಕೊನೆಯವರೆಗೂ ಬ್ರೆಡ್ಡನ್ನು ಅಡುಗೆಮನೆಯ ಹೊಸ್ತಿಲು ದಾಟಗೊಡಲಿಲ್ಲ. ಮಕ್ಕಳಿಗೆ ಜ್ವರ ಬಂದಾಗ ಮಾತ್ರ ವೈದ್ಯರ ಮಾತಿಗೆ ಕಟ್ಟುಬಿದ್ದು, ಜಗಲಿಯಲ್ಲಿ ಕೂರಿಸಿ, ಹಾಲಿನಲ್ಲಿ ಅದ್ದಿಕೊಡುತ್ತಿದ್ದರು. ಹೀಗಾಗಿ ನಮ್ಮ ತಲೆಮಾರಿಗೆ ಬ್ರೆಡ್ಡಿನ ವಾಸನೆಯೆಂದರೆ ಜ್ವರದ ವಾಸನೆ.

ಈ ಗೋಡೆ ಬೇರೆ ಬೇರೆ ಕಡೆಗಳಲ್ಲಿ ಬೇರೆ ಬೇರೆ ರೀತಿಯಲ್ಲಿ ಕುಸಿಯಿತು. ತಲಶ್ಶೇರಿಯಲ್ಲಿ ಮಾಂಬಳ್ಳಿ ಬಾಪು ಅವರು 1880ರಲ್ಲಿ ಬಿಸ್ಕತ್ತಿನ ಕಾರ್ಖಾನೆ ತೆರೆದರು. ಬೆಂಗಳೂರಿನಲ್ಲಿ ಹಾಸನ ಕಡೆಯ ಅಯ್ಯಂಗಾರರು ಮೊಟ್ಟೆಯಿಲ್ಲದ ಬೇಕರಿಯನ್ನು ಕಟ್ಟಿದರು. ನಾದುವ ಕೈ ಯಾರದು, ಒಳಗೇನಿದೆ ಎಂಬ ಎರಡು ಪ್ರಶ್ನೆಗಳಿಗೂ ಆ ಹೆಸರೇ ಉತ್ತರವಾಯಿತು. ಮಡಿವಂತರೂ ಖಾರದ ಬನ್ನು ತಿಂದರು. 1956ರಲ್ಲಿ ಅಮೆರಿಕದೊಂದಿಗೆ ಪಿ.ಎಲ್. 480 ಒಪ್ಪಂದವಾಗಿ ಗೋಧಿ ಹಡಗುಗಟ್ಟಲೆ ಬಂದು ರೇಷನ್ ಅಂಗಡಿಯನ್ನು ಸೇರಿತು. ಶಾಲೆಯಲ್ಲಿ 'ಕೇರ್' ಸಂಸ್ಥೆಯ ಗೋಧಿಯಿಂದ ಮಾಡಿದ ಉಪ್ಪಿಟ್ಟನ್ನು ನಿಮ್ಮಲ್ಲಿ ಹಿರಿಯರು ತಿಂದಿದ್ದೀರಿ. ಎಲ್ಲ ಜಾತಿಯ ಮಕ್ಕಳೂ ಒಂದೇ ಸಾಲಿನಲ್ಲಿ ಕುಳಿತು ತಿಂದದ್ದು ಗೋಧಿಗಿಂತ ದೊಡ್ಡ ಸಂಗತಿ. 1965ರಲ್ಲಿ ಸರಕಾರವೇ ಮಾಡರ್ನ್ ಬೇಕರೀಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಮೇಣದ ಕಾಗದದಲ್ಲಿ ಸುತ್ತಿದ, ಯಾರ ಕೈಯೂ ತಾಗದ ಯಂತ್ರದ ಬ್ರೆಡ್ಡನ್ನು ಮಾರಿತು. 2000ದಲ್ಲಿ ಅದು ಖಾಸಗಿಯವರ ಪಾಲಾಯಿತು. ನಮ್ಮ ಕರಾವಳಿ ಮಾತ್ರ ಇವೆಲ್ಲದರ ನಡುವೆ ತನ್ನದೇ ದಾರಿ ಹಿಡಿದು, ಬಾಳೆಹಣ್ಣನ್ನೂ ಮೊಸರನ್ನೂ ಮೈದಾಕ್ಕೆ ಕಲಸಿ, ಎಣ್ಣೆಯಲ್ಲಿ ಕರಿದು, ಅದಕ್ಕೆ 'ಬನ್ಸ್' ಎಂದು ಹೆಸರಿಟ್ಟು ಸಮಾಧಾನಪಟ್ಟಿತು!

ಇನ್ನು ಯಂತ್ರದ ಕಥೆ. ಜಪಾನಿನ ಮತ್ಸುಶಿತ ಕಂಪೆನಿ (2008ರಿಂದ ಅದರ ಹೆಸರೇ ಪ್ಯಾನಸೋನಿಕ್) 1980ರ ದಶಕದ ನಡುವಿನಲ್ಲಿ ಮನೆಯಲ್ಲೇ ಬ್ರೆಡ್ಡು ಮಾಡುವ ಯಂತ್ರಕ್ಕೆ ಕೈಹಾಕಿತು. ಜಪಾನೂ ನಮ್ಮಂತೆಯೇ ಅನ್ನದ ನಾಡೆಂಬುದನ್ನು ಗಮನಿಸಬೇಕು. ಯಂತ್ರವೇನೋ ಆಯಿತು, ಬ್ರೆಡ್ಡಿನ ಹೊರಗು ಸೀದು ಒಳಗು ಹಸಿಯಾಗಿಯೇ ಉಳಿಯುತ್ತಿತ್ತು. ಎಂಜಿನಿಯರರು ಯಂತ್ರ ನಾದಿದ ಹಿಟ್ಟನ್ನೂ ಬೇಕರಿಯವನು ನಾದಿದ ಹಿಟ್ಟನ್ನೂ ಎಕ್ಸ್-ರೇ ತೆಗೆದು ಹೋಲಿಸಿದರು, ತಿಳಿಯಲಿಲ್ಲ. ಆಗ ತಂಡದ ಇಕುಕೊ ತನಾಕಾ ಎಂಬ ಮಹಿಳೆ ಒಸಾಕಾ ಇಂಟರ್‌ನ್ಯಾಶನಲ್ ಹೋಟೆಲಿನ ಮುಖ್ಯ ಬೇಕರಿಯವರ ಬಳಿ ಶಿಷ್ಯೆಯಾಗಿ ನಿಂತರು. ಅವರು ಹಿಟ್ಟನ್ನು ಬರಿದೇ ಒತ್ತದೆ, ಎಳೆಯುತ್ತ ತಿರುಚುತ್ತಾರೆಂಬುದು ಆಕೆಯ ಕೈಗೆ ತಿಳಿಯಿತು. ಆ ತಿರುಚುವಿಕೆಯನ್ನು ಯಂತ್ರಕ್ಕೆ ತರಲು ಪಾತ್ರೆಯ ಒಳಮೈಗೆ ಏಣುಗಳನ್ನಿಟ್ಟರು. ನಿಮ್ಮ ಯಂತ್ರದ ಪಾತ್ರೆಯ ಒಳಗೆ ಬೆರಳಾಡಿಸಿ ನೋಡಿ. ಅಂಥ ಏಣು ಇದ್ದರೆ ಅದು ಆ ಗುರುವಿನ ಮಣಿಕಟ್ಟಿನ ಗುರುತು. ಬರೆದಿಡಲಾಗದ ವಿದ್ಯೆಯು ಹತ್ತಿರ ನಿಂತರೆ ಮಾತ್ರ ಬರುತ್ತದೆಂಬುದಕ್ಕೆ ಇಕುಜಿರೊ ನೊನಾಕಾ ಎಂಬ ಪ್ರಾಧ್ಯಾಪಕರು ಈ ಪ್ರಸಂಗವನ್ನೇ ಉದಾಹರಣೆಯಾಗಿ ಬರೆದು ಜಗತ್ತಿಗೆ ತಿಳಿಸಿದರು.

ಅವರಿಗೆ ಎದುರಾದ ಇನ್ನೊಂದು ತೊಡಕು ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ಕೋಣೆ ಬಿಸಿಯಾಗಿದ್ದರೆ ಯೀಸ್ಟು ಬೇಗನೆ ಕೆರಳಿ, ಬೇಯುವ ಮೊದಲೇ ಹಿಟ್ಟು ಹುಳಿತುಹೋಗುತ್ತಿತ್ತು. ತಂಪುಗೊಳಿಸುವ ಸಾಧನವನ್ನು ಜೋಡಿಸಿದರೆ ಬೆಲೆ ಏರುತ್ತದೆ. ಕೊನೆಗೆ ಯೀಸ್ಟನ್ನು ಮೊದಲೇ ಬೆರೆಸದೆ, ನಾದುವ ನಡುವೆ ಹಾಕುವ ಹಳೆಯ ಕ್ರಮಕ್ಕೆ ಮರಳಿದರು. 1987ರಲ್ಲಿ ಯಂತ್ರ ಮಾರುಕಟ್ಟೆಗೆ ಬಂತು, ಮೊದಲ ವರ್ಷವೇ ಲಕ್ಷಗಟ್ಟಲೆ ಮಾರಾಟವಾಯಿತು.

ಹೂಡೆಯ ಹೊಂಡಕ್ಕೆ ಕಾರಣ ಈಗ ಊಹಿಸಬಹುದು. ದುಬೈಯ ಅಡುಗೆಮನೆ ಎ.ಸಿ.ಯ ತಂಪಿನಲ್ಲಿತ್ತು. ಏಪ್ರಿಲ್ ತಿಂಗಳ ಹೂಡೆಯಲ್ಲಿ ಉಷ್ಣತೆ 33 ಡಿಗ್ರಿ, ಮೇಲೆ ಸಮುದ್ರದ ತೇವ. ನಾದುವ ಅಲಗಿನ ತಿಕ್ಕಾಟವೂ ಹಿಟ್ಟನ್ನು ಕಾಯಿಸುತ್ತದೆ. ಹಿಟ್ಟು 26-27 ಡಿಗ್ರಿಯ ಸುಮಾರಿನಲ್ಲಿದ್ದರೆ ಒಳ್ಳೆಯದು. ಆದುದರಿಂದ ನೀರನ್ನು ಫ್ರಿಜ್ಜಿನಿಂದಲೇ ತೆಗೆದು ಹಾಕಬೇಕು. ಯಂತ್ರದ ಪುಸ್ತಕದಲ್ಲಿ 4 ಗ್ರಾಂ ಯೀಸ್ಟು ಎಂದಿದ್ದರೆ ಬೇಸಿಗೆಯಲ್ಲಿ 3 ಗ್ರಾಂ ಸಾಕು. ಉಪ್ಪನ್ನು ಕಡಿಮೆ ಮಾಡಬಾರದು. ಯೀಸ್ಟಿಗೆ ಕಡಿವಾಣ ಹಾಕುವುದು ಅದೇ. ಯೀಸ್ಟಿಗೆ ಪ್ರತ್ಯೇಕ ಡಬ್ಬಿಯಿಲ್ಲದ ಯಂತ್ರವಾದರೆ, ಒಣ ಹಿಟ್ಟಿನ ಮೇಲೆ ನೀರು ತಾಗದಂತೆ ಅದನ್ನಿಡಬೇಕು.

400 ಗ್ರಾಂ ಹಿಟ್ಟಿಗೆ 260 ಮಿಲಿಲೀಟರು ನೀರು, 7 ಗ್ರಾಂ ಉಪ್ಪು, ಒಂದು ದೊಡ್ಡ ಚಮಚ ಸಕ್ಕರೆ, 20 ಗ್ರಾಂ ಬೆಣ್ಣೆ ಎಂಬುದು ಸಾಧಾರಣ ಲೆಕ್ಕ. ಕಪ್ಪಿನಲ್ಲಿ ಅಳೆಯದೆ ತಕ್ಕಡಿಯಲ್ಲಿ ತೂಗಬೇಕು. ಮಳೆಗಾಲದಲ್ಲಿ ಹಿಟ್ಟು ತಾನೇ ತೇವ ಹೀರಿಕೊಂಡಿರುವುದರಿಂದ ಒಂದೆರಡು ಚಮಚ ನೀರು ಕಡಿಮೆ ಸಾಕು. ಆರಂಭದ ಹತ್ತು ನಿಮಿಷದಲ್ಲಿ ಮುಚ್ಚಳ ತೆರೆದು ನೋಡಿದರೆ ದೋಷವೇನೂ ಇಲ್ಲ. ಮುದ್ದೆ ನುಣ್ಣಗೆ ಉರುಳುತ್ತಿರಬೇಕು. ಗೋಡೆಗೆ ಮೆತ್ತುತ್ತಿದ್ದರೆ ಚಮಚ ಹಿಟ್ಟು, ಬಿರಿಯುತ್ತಿದ್ದರೆ ಚಮಚ ನೀರು. ನಮ್ಮ ಅಂಗಡಿಯ ಮೈದಾ ವಿದೇಶದ ಬ್ರೆಡ್ಡಿನ ಹಿಟ್ಟಿಗಿಂತ ಸಾಮಾನ್ಯವಾಗಿ ಜಿಗುಟಿನಲ್ಲಿ ಕಡಿಮೆ. ಒಂದೆರಡು ಚಮಚ ಗ್ಲುಟೆನ್ ಪುಡಿ ಬೆರೆಸಿದರೆ ಬ್ರೆಡ್ಡು ಎತ್ತರ ಬರುತ್ತದೆ. ಮಿಲ್ಲಿನಲ್ಲಿ ಬೀಸಿದ ಗೋಧಿಹಿಟ್ಟು ಆರೋಗ್ಯಕ್ಕೆ ಒಳ್ಳೆಯದಾದರೂ ಅದರ ತೌಡು ಜಿಗುಟಿನ ಎಳೆಗಳನ್ನು ಕತ್ತರಿಸುತ್ತದೆ. ಅರ್ಧಕ್ಕರ್ಧ ಬೆರೆಸಿ, ನೀರು ತುಸು ಹೆಚ್ಚಿಸುವುದು ವಾಸಿ.

ಬೆಂದ ಕೂಡಲೇ ಪಾತ್ರೆಯಿಂದ ತೆಗೆದು ಜಾಲರಿಯ ಮೇಲಿಟ್ಟು ಪೂರ್ತಿ ಆರಿಸದೆ ಕತ್ತಿ ತಾಗಿಸಬಾರದು; ಮಕ್ಕಳು ಎಷ್ಟೇ ಅವಸರಪಡಿಸಲಿ. ನಮ್ಮ ಹವೆಯಲ್ಲಿ ಮೂರನೆಯ ದಿನಕ್ಕೆ ಬೂಸ್ಟು ಖಂಡಿತ. ಫ್ರಿಜ್ಜಿನಲ್ಲಿಟ್ಟರೆ ಬೂಸ್ಟು ಬಾರದಿದ್ದರೂ ಬ್ರೆಡ್ಡು ಬೇಗ ಗಡುಸಾಗುತ್ತದೆ. ಹೋಳು ಮಾಡಿ ಫ್ರೀಜರಿನಲ್ಲಿಟ್ಟು, ಬೇಕಾದಷ್ಟೇ ತೆಗೆದು ಕಾವಲಿಯಲ್ಲಿ ಬಿಸಿ ಮಾಡಿಕೊಳ್ಳಿ. ಕಲಸುವಾಗಲೇ ಒಂದು ಚಮಚ ವಿನಿಗರ್ ಹಾಕಿದರೆ, ಸೆಕೆಗಾಲದಲ್ಲಿ ಬ್ರೆಡ್ಡಿನ ಒಳಗೆ ನೂಲಿನಂಥ ಅಂಟು ಕಟ್ಟಿ ಕೆಡುವ ರೋಗಕ್ಕೂ ತಡೆಯಾಗುತ್ತದೆ. ಇನ್ನು ಜೂನಿನಲ್ಲಿ ಕರೆಂಟು ಹೋಗುವ ಸಂಗತಿ. ಅನೇಕ ಯಂತ್ರಗಳು ಕೆಲವೇ ನಿಮಿಷ ತಮ್ಮ ಲೆಕ್ಕವನ್ನು ನೆನಪಿಟ್ಟುಕೊಳ್ಳುತ್ತವೆ, ಆಮೇಲೆ ಮೊದಲಿನಿಂದ ಆರಂಭಿಸುತ್ತವೆ. ಹಾಗಾದಾಗ ಉಬ್ಬಿದ ಹಿಟ್ಟನ್ನು ಎಸೆಯದೆ, ಹೊರತೆಗೆದು ಉಂಡೆ ಮಾಡಿ, ಲಟ್ಟಿಸಿ, ಕಾವಲಿಯ ಮೇಲೆ ಮುಚ್ಚಳ ಮುಚ್ಚಿ ಬೇಯಿಸಿದರೆ ಮೀನು ಸಾರಿಗೂ ಆಗುತ್ತದೆ, ಬಟಾಟೆ ಗಸಿಗೂ ಆಗುತ್ತದೆ.