ಬೆಂಗಳೂರಿನಿಂದ ಹೊರಟ ಅಕ್ಕಿ, ಜಾಫ್ನಾದ ಆಸ್ಪತ್ರೆ

1987ರ ಜೂನ್ 4. ಮಧ್ಯಾಹ್ನದ ಹೊತ್ತಿಗೆ ನಮ್ಮ ಬೆಂಗಳೂರಿನಿಂದ ವಾಯುಪಡೆಯ 5 ಎಎನ್-32 ವಿಮಾನಗಳು ಹಾರಿದವು. ಅದರೊಳಗೆ ಬಾಂಬ್ ಇರಲಿಲ್ಲ. ಅಕ್ಕಿ, ಔಷಧಿ ಇತ್ತು, ಜೊತೆಗೆ ಪತ್ರಕರ್ತರೂ ಇದ್ದರು! ಕಾವಲಿಗೆ ಮಿರಾಜ್ ಯುದ್ಧವಿಮಾನಗಳು. ಎಲ್ಲಿಗೆ ಹೋದವು ಗೊತ್ತಾ? ಶ್ರೀಲಂಕಾದ ಜಾಫ್ನಾಕ್ಕೆ.

ಅಲ್ಲಿ ಸರ್ಕಾರಿ ಸೇನೆಗೂ ಎಲ್‌ಟಿಟಿಇಗೂ ಅಂತರ್ಯುದ್ಧ ನಡೀತಿತ್ತು. ಮೇ ಕೊನೆಯಲ್ಲಿ ಸೇನೆ ವಡಮರಾಚ್ಚಿ ಮೇಲೆ ದೊಡ್ಡ ದಾಳಿ ಶುರು ಮಾಡಿತ್ತು. ಸಾಮಾನು ಸಾಗಾಟಕ್ಕೆ ಮೊದಲೇ ನಿರ್ಬಂಧ. ನಡುವೆ ಸಿಕ್ಕಿಕೊಂಡವರು ಸಾಮಾನ್ಯ ತಮಿಳರು.

ಭಾರತ ಮೊದಲು ರಾಮೇಶ್ವರದಿಂದ ರೆಡ್‌ಕ್ರಾಸ್ ಬಾವುಟ ಹಾರಿಸಿದ ದೋಣಿಗಳಲ್ಲಿ ಸಾಮಾನು ಕಳಿಸಿತು. ಶ್ರೀಲಂಕಾ ನೌಕಾಪಡೆ ವಾಪಸ್ ಕಳಿಸಿತು. ಮರುದಿನವೇ ಈ ವಿಮಾನಗಳು. ಕಾರ್ಯಾಚರಣೆಯ ಹೆಸರು ‘ಪೂಮಾಲೈ’, ಅಂದ್ರೆ ನಮ್ಮ ಹೂಮಾಲೆ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಪ್ಯಾರಾಚೂಟಿನಲ್ಲಿ ಇಳಿದದ್ದು ಸುಮಾರು 25 ಟನ್. ಅದನ್ನ 5 ಲಕ್ಷ ಜನಕ್ಕೆ ಹಂಚಿದ್ರೆ ತಲಾ 50 ಗ್ರಾಂ. ಒಂದು ಹಿಡಿ ಅಕ್ಕಿ, ಅಷ್ಟೇ. ಅದು ಜಾಫ್ನಾದ ಹೊಟ್ಟೆಗಿಂತ ಹೆಚ್ಚಾಗಿ ಕೊಲಂಬೊದ ಕಿವಿಗೆ ಕಳಿಸಿದ ಮಾತು. ನಿಜವಾದ ನೆರವು ಹೋಗಿದ್ದು ಆಮೇಲೆ: ಜಯವರ್ಧನೆ ಸರ್ಕಾರ ಒಪ್ಪಿದ ಮೇಲೆ, ಅದೇ ತಿಂಗಳ ಕೊನೆಗೆ, ಹಡಗಿನಲ್ಲಿ. ಆಕಾಶದಿಂದ ಬಿದ್ದ ಮೂಟೆಗಿಂತ ಬಂದರಿನಲ್ಲಿ ಇಳಿದ ಮೂಟೆ ಹೆಚ್ಚು ಮನೆ ಮುಟ್ಟುತ್ತೆ. ಆದ್ರೆ ಅದಕ್ಕೆ ಹೊಡೆದಾಡುವವರ ಒಪ್ಪಿಗೆ ಬೇಕು.

ಕಥೆ ಇಲ್ಲಿಗೇ ಮುಗಿದಿದ್ರೆ ನಾವು ಹೆಮ್ಮೆಪಟ್ಟು ಸುಮ್ಮನಾಗಬಹುದಿತ್ತು. ಮುಗಿಯಲಿಲ್ಲ.

ಜುಲೈ 29ರಂದು ರಾಜೀವ್ ಗಾಂಧಿ, ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು. ಶಾಂತಿ ಕಾಯೋಕೆ ಅಂತ ಭಾರತದ ಸೇನೆ ಜಾಫ್ನಾಕ್ಕೆ ಹೋಯ್ತು. ಅಕ್ಟೋಬರ್ ಹೊತ್ತಿಗೆ ಆ ಸೇನೆಗೂ ಎಲ್‌ಟಿಟಿಇಗೂ ಯುದ್ಧ ಹತ್ತಿಕೊಂಡಿತು. ಅಕ್ಟೋಬರ್ 21, ದೀಪಾವಳಿ. ಅವತ್ತು ನಮ್ಮ ಸೈನಿಕರು ಜಾಫ್ನಾದ ಆಸ್ಪತ್ರೆಯೊಳಗೆ ನುಗ್ಗಿದರು. ಮರುದಿನದ ತನಕ ನಡೆದ ಗುಂಡಿನಲ್ಲಿ ರೋಗಿಗಳು, ವೈದ್ಯರು, ನರ್ಸ್‌ಗಳು ಸೇರಿ 60ಕ್ಕೂ ಹೆಚ್ಚು ಜನ ಸತ್ತರು. ಒಳಗಿನಿಂದ ಎಲ್‌ಟಿಟಿಇಯವರು ಗುಂಡು ಹಾರಿಸಿದ್ದರು ಅನ್ನೋದು ಸೇನೆಯ ವಾದ. ಬದುಕಿ ಉಳಿದ ಸಿಬ್ಬಂದಿ ಹೇಳಿದ್ದು ಬೇರೆ.

1949ರ ಜಿನೀವಾ ಒಪ್ಪಂದಗಳ 3ನೇ ವಿಧಿ ಅಂತರ್ಯುದ್ಧಕ್ಕೇ ಇರೋದು. ಆಯುಧ ಹಿಡಿಯದವರನ್ನು ಕೊಲ್ಲುವಂತಿಲ್ಲ, ಗಾಯಾಳುಗಳನ್ನು, ರೋಗಿಗಳನ್ನು ನೋಡಿಕೊಳ್ಳಲೇಬೇಕು. ಸರ್ಕಾರಕ್ಕೂ ಇದೇ ಮಾತು, ಬಂಡುಕೋರರಿಗೂ ಇದೇ. ಆಸ್ಪತ್ರೆಯ ಮರೆಯಲ್ಲಿ ನಿಂತು ಹೊಡೆಯೋದೂ ತಪ್ಪು, ಅದೇ ನೆಪದಲ್ಲಿ ಹಾಸಿಗೆ ಮೇಲಿದ್ದವರನ್ನ ಹೊಡೆಯೋದೂ ತಪ್ಪು.

ಜೂನ್‌ನಲ್ಲಿ ಅಕ್ಕಿ ಹಾಕಿದ್ದೂ ನಾವೇ, ಅಕ್ಟೋಬರ್‌ನಲ್ಲಿ ಆ ವಾರ್ಡುಗಳಲ್ಲಿ ಇದ್ದದ್ದೂ ನಾವೇ. ನಡುವೆ ಐದು ತಿಂಗಳೂ ಇಲ್ಲ. ಅನ್ನ ಕೊಟ್ಟ ಮಾತ್ರಕ್ಕೆ ಜೀವ ಕಾಯ್ದಂತಾಗಲ್ಲ. ನೆರವು ಒಂದು ದಿನದ ಕೆಲಸ ಆಗಬಹುದು, ರಕ್ಷಣೆ ಪ್ರತಿದಿನದ್ದು. ಬಂದೂಕು ನಮ್ಮ ಕೈಯಲ್ಲೇ ಇರುವ ದಿನ ಅದರ ನಿಜವಾದ ಪರೀಕ್ಷೆ.

ಹೂಮಾಲೆಯ ಸುದ್ದಿ ನಿಮ್ಮ ಮನೆಯ ಹಿರಿಯರಿಗೆ ನೆನಪಿರಬಹುದು. ಒಮ್ಮೆ ಕೇಳಿ ನೋಡಿ. ಆಸ್ಪತ್ರೆಯ ಸುದ್ದಿಯನ್ನೂ ಕೇಳಿ.

#ಇತಿಹಾಸ #ಜಾಫ್ನಾ #ಬೆಂಗಳೂರು