ವ್ಯಾಜ್ಯದ ನಾಲ್ಕು ಪಾದಗಳು



ನ್ಯಾಯಾಲಯದ ಕಾಗದವೊಂದು ಮನೆಗೆ ಬಂದಾಗ ಓದುಬಲ್ಲವರೂ ಕಂಗೆಡುವುದುಂಟು. ದಾವಾ, ವಕಾಲತ್ತು, ಡಿಕ್ರಿ, ಅಮಲ್ಜಾರಿ ಎಂಬ ಶಬ್ದಗಳು ಕನ್ನಡ ಲಿಪಿಯಲ್ಲಿದ್ದರೂ ಅರ್ಥ ಕೈಗೆ ಸಿಕ್ಕುವುದಿಲ್ಲ. ಇದಕ್ಕೆ ಕಾರಣ ತಮ್ಮ ಅಜ್ಞಾನವಲ್ಲ, ನಾಡಿನ ಇತಿಹಾಸ.

ಚಾಲುಕ್ಯ ಆರನೆಯ ವಿಕ್ರಮಾದಿತ್ಯನು (1076-1126) ಕಲ್ಯಾಣದಲ್ಲಿ ಆಳುತ್ತಿದ್ದಾಗ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ರಚಿಸಿದನು. ವ್ಯಾಜ್ಯದ ವಿಚಾರಣೆಗೆ ಅಲ್ಲಿ ನಾಲ್ಕು ಪಾದಗಳು: ಭಾಷಾ, ಉತ್ತರ, ಕ್ರಿಯಾ, ಸಾಧ್ಯಸಿದ್ಧಿ. ಎಂದರೆ ವಾದಿಯ ಬೇಡಿಕೆ, ಪ್ರತಿವಾದಿಯ ಮರುಮಾತು, ಪ್ರಮಾಣಗಳು, ತೀರ್ಮಾನ. ಮುಂದೆ ಬಹಮನಿ ಮತ್ತು ಆದಿಲಶಾಹಿ ಅರಸರ ಕಾಲದಲ್ಲಿ ಫಾರಸಿಯು ಆಡಳಿತವನ್ನು ಹೊಕ್ಕಿತು. 1837ರ ಕಾಯಿದೆಯ ತರುವಾಯ ಕಂಪನಿ ಸರಕಾರವು ತನ್ನ ನ್ಯಾಯಾಲಯಗಳಿಂದ ಫಾರಸಿಯನ್ನು ಕೈಬಿಟ್ಟಿತು. ಆದರೆ ಅದರ ಶಬ್ದಗಳು ಉಳಿದವು. ಅವುಗಳ ಮೇಲೆ ಇಂಗ್ಲಿಷ್ ಬಂದು ಕುಳಿತಿತು. ಹೆಸರುಗಳು ಬದಲಾದರೂ ಪಾದಗಳು ಬದಲಾಗಲಿಲ್ಲ.

ಮೊದಲನೆಯ ಪಾದವೇ ಇಂದಿನ ದಾವಾ. ವಕೀಲನೆಂದರೆ ಅರಬ್ಬಿಯಲ್ಲಿ ಕಾರ್ಯವನ್ನು ಒಪ್ಪಿಸಿಕೊಂಡವನು. ಹಾಗೆ ಒಪ್ಪಿಸುವ ಪತ್ರವೇ ವಕಾಲತ್ತು. ಎರಡನೆಯದು ಪ್ರತಿವಾದಿಯ ಲಿಖಿತ ಹೇಳಿಕೆ, ಹಳಬರ ಕೈಫಿಯತ್ತು. 'ಈ ವ್ಯಾಜ್ಯವು ಹಿಂದೆಯೇ ತೀರಿದೆ' ಎಂಬ ಉತ್ತರವನ್ನು ಮಿತಾಕ್ಷರಾ ಪ್ರಾಙ್ನ್ಯಾಯವೆನ್ನುತ್ತದೆ. ಇಂದಿನ ವಕೀಲರು ಲ್ಯಾಟಿನ್ನಿನಲ್ಲಿ ರೆಸ್ ಜುಡಿಕೇಟಾ ಎನ್ನುವುದೂ ಇದನ್ನೇ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೆಯ ಕಲಮಿನಲ್ಲಿ ಅದು ನೆಲೆಗೊಂಡಿದೆ. ಮೂರನೆಯದರಲ್ಲಿ ಲಿಖಿತ, ಭುಕ್ತಿ, ಸಾಕ್ಷಿ ಎಂಬ ಪ್ರಮಾಣಗಳು: ಪತ್ರ, ಸ್ವಾಧೀನಾನುಭವ, ಕಂಡವರ ಮಾತು. ನಾಲ್ಕನೆಯದು ಡಿಕ್ರಿ. ಅದನ್ನು ಕಾರ್ಯರೂಪಕ್ಕೆ ತರುವುದೇ ಅಮಲ್ಜಾರಿ.

ಎರಡನೆಯ ಪಾದದಲ್ಲಿಯೇ ಅನೇಕರು ಎಡವುತ್ತಾರೆ. ಸಮನ್ಸನ್ನು ತೆಗೆದುಕೊಳ್ಳದಿದ್ದರೆ ದಾವೆಯೇ ನಿಂತುಹೋಗುವುದೆಂಬುದು ಭ್ರಮೆ. ನಿರಾಕರಿಸಿದರೂ ಅದು ತಲುಪಿದಂತೆಯೇ ಎಂದು ನ್ಯಾಯಾಲಯವು ಎಣಿಸಬಹುದು. ಉತ್ತರವಿಲ್ಲದೆ ಹೋದರೆ ಏಕಪಕ್ಷೀಯ ಡಿಕ್ರಿಯಾಗಿ, ತಲೆಮಾರುಗಳ ಹೊಲ ಕೈತಪ್ಪೀತು. ತಕ್ಕ ಕಾರಣವಿದ್ದಲ್ಲಿ ಅದನ್ನು ರದ್ದುಗೊಳಿಸಲು ಅರ್ಜಿ ಹಾಕಬಹುದು. ಅದಕ್ಕೆ ಸಾಮಾನ್ಯವಾಗಿ 30 ದಿನಗಳ ಅವಧಿ ಮಾತ್ರ.

ಆದುದರಿಂದ ಕಾಗದವು ಬಂದಾಗ ಅಂಜಬೇಡಿರಿ, ಅಡಗಿಸಿಯೂ ಇಡಬೇಡಿರಿ. 'ಇದು ಯಾವ ಪಾದದ ಮಾತು? ನಾನು ಎಷ್ಟು ದಿನಗಳೊಳಗೆ ಏನು ಮಾಡಬೇಕು?' ಎಂದು ವಕೀಲರನ್ನು ಸಂಕೋಚವಿಲ್ಲದೆ ಕೇಳಿರಿ. ಅರ್ಥವಾದ ಮೇಲೆಯೇ ರುಜು ಹಾಕಿರಿ.