ಮೇಣದಬತ್ತಿಯ ಪಾಠ
ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳಿಗೆ ತೋರಿಸುವ ರಸಾಯನಶಾಸ್ತ್ರವೆಂದರೆ ಬರೀ ಬಣ್ಣ, ಹೊಗೆ, ಚಪ್ಪಾಳೆ ಎಂಬ ಮಾತನ್ನು ಒಪ್ಪಲಾಗದು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ 1825ರಲ್ಲಿ ಶುರುವಾದ ಕ್ರಿಸ್‌ಮಸ್ ಉಪನ್ಯಾಸಗಳೇ ಇದಕ್ಕೆ ಸಾಕ್ಷಿ. ಅಲ್ಲಿ 19 ಸರಣಿ ನಡೆಸಿಕೊಟ್ಟ ವಿಜ್ಞಾನಿ ಮೈಕೆಲ್ ಫ್ಯಾರಡೆ 1860ರ ಚಳಿಗಾಲದಲ್ಲಿ ಕೈಗೆತ್ತಿಕೊಂಡದ್ದು ಒಂದು ಮೇಣದಬತ್ತಿಯನ್ನು. ಗಾಜಿನ ಕೊಳವೆಯ ಒಂದು ತುದಿಯನ್ನು ಜ್ವಾಲೆಯ ಕಪ್ಪು ನಡುಭಾಗಕ್ಕೆ ಹಿಡಿದು, ಇನ್ನೊಂದು ತುದಿಯಲ್ಲಿ ಹೊರಬರುವ ಆವಿಗೆ ಕಿಡಿ ತಾಗಿಸಿದರೆ ಅಲ್ಲೂ ಪುಟ್ಟ ಜ್ವಾಲೆ ಹೊತ್ತಿಕೊಳ್ಳುತ್ತದೆ. ಉರಿಯುತ್ತಿರುವುದು ಮೇಣದ ಆವಿ ಎಂಬುದು ಮಗುವಿಗೆ ಕಣ್ಣಾರೆ ಖಾತ್ರಿಯಾಗುತ್ತದೆ. ಎಂಥ ಸೊಗಸಾದ ಪುರಾವೆ!

ಈ ಉಪನ್ಯಾಸ ಕೇಳುವ ಭಾಗ್ಯ ಉಳ್ಳವರ ಮಕ್ಕಳಿಗಷ್ಟೇ ದಕ್ಕಿತೆಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಕಮ್ಮಾರನ ಮಗನಾಗಿ ಹುಟ್ಟಿ, ಪುಸ್ತಕ ಕಟ್ಟುವ ಅಂಗಡಿಯಲ್ಲಿ ದುಡಿಯುತ್ತಲೇ ಓದಿ ಕಲಿತ ಫ್ಯಾರಡೆಯ ಮಾತುಗಳು 1861ರಲ್ಲಿ ವಿಲಿಯಂ ಕ್ರುಕ್ಸ್ ಸಂಪಾದಿಸಿದ ಪುಸ್ತಕವಾಗಿ ಸಭಾಂಗಣದ ಗೋಡೆ ದಾಟಿದವು. ಪ್ರಯೋಗಕ್ಕೆ ಬೇಕಾದದ್ದಾದರೂ ಏನು? ಒಂದು ಮೇಣದಬತ್ತಿ, ಒಂದು ಗಾಜಿನ ಕೊಳವೆ.